ತೊಯ್ದ ತಾಡಪತ್ರಿ

ಕಾಲುವೆ ಕಚೇರಿಗೆ ಗೋಣಿಚೀಲ ಮಾರಬೇಕೆಂದರೆ ಸರಬರಾಜುದಾರರ ಯಾದಿಯಲ್ಲಿ ಹೆಸರಿರಬೇಕಿತ್ತು. ಯಾದಿಯಲ್ಲಿ ಹೆಸರು ಸೇರಬೇಕೆಂದರೆ ಮೊದಲು ಒಮ್ಮೆಯಾದರೂ ಆ ಕಚೇರಿಗೆ ಮಾಲು ಕೊಟ್ಟಿರಬೇಕಿತ್ತು. ಗುಮಾಸ್ತರು ಇದನ್ನು ವಿವರಿಸಿ ಮುಗಿಸಿದಾಗ ನನ್ನ ಸಣ್ಣವ್ವ ತಿಮ್ಮವ್ವ ಸೆರಗು ಸರಿಮಾಡಿಕೊಂಡು ಎದ್ದಳು.

“ಮದುವಿ ಆಗಿದ್ರ ಹೆಣ್ಣು ಕೊಡ್ತೀವಿ ಅಂದಂಗಾತಲ್ರಿ ಇದು.”

ಗುಮಾಸ್ತರು ನಕ್ಕರು. ನಿಯಮ ಹಾಗೆಯೇ ಉಳಿಯಿತು.

ನಮ್ಮೂರು ಶಹಾಪುರದಿಂದ ಕೆಳಗೆ, ಕಾಲುವೆಯ ಕೊನೆಯ ಭಾಗದಲ್ಲಿದೆ. ಕಾಲುವೆಗೆ ನೀರು ಬಂದು ಆಗ ಏಳೆಂಟು ವರ್ಷಗಳಾಗಿದ್ದವು. ಸಣ್ಣವ್ವನ ಮಹಿಳಾ ಸಂಘದವರು ಯಾದಗಿರಿಯ ಗಂಜ್ ಮಾರುಕಟ್ಟೆಯ ದಾಲ್‌ಮಿಲ್ಲುಗಳಿಂದ ಹರಿದ ಚೀಲಗಳನ್ನು ತಂದು, ದಬ್ಬಣ ಸುತಳಿ ಹಿಡಿದು ಹೊಲಿದು ಗಟ್ಟಿ ಮಾಡುತ್ತಿದ್ದರು. ಹೊಲಿದ ಚೀಲಗಳು ಸಮುದಾಯ ಭವನದ ಗೋಡೆಗೆ ಒರಗಿ ಸೂರು ಮುಟ್ಟಿದ್ದವು. ಕೊಳ್ಳುವವರಿರಲಿಲ್ಲ. ಈ ಮಳೆಗಾಲದಲ್ಲಿ ಕಚೇರಿ ಕೊಳ್ಳದಿದ್ದರೆ ಸಂಘ ಮುಚ್ಚಿ, ದೀಪಾವಳಿ ಮುಗಿದ ಮೇಲೆ ಎಲ್ಲರೂ ಪುಣೆಗೆ ಕಟ್ಟಡದ ಕೆಲಸಕ್ಕೆ ಹೋಗುವುದೆಂದು ತೀರ್ಮಾನವಾಗಿತ್ತು. ಹೋದವರು ಮತ್ತೆ ಒಟ್ಟಿಗೆ ಕೂಡುವುದಿಲ್ಲವೆಂಬುದು ಸಣ್ಣವ್ವನಿಗೆ ಗೊತ್ತಿತ್ತು.

ನಾನು ಗುಲ್ಬರ್ಗಾದಲ್ಲಿ ಬಿ.ಎಸ್ಸಿ. ಮುಗಿಸಿ ಶಹಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ರವಿವಾರ ಊರಿಗೆ ಬಂದಾಗಲೆಲ್ಲ ಭವನದಲ್ಲಿ ಒಂದೇ ಮಾತು: ಕಚೇರಿಗೆ ಚೀಲ ಕೊಡುವ ರಂಗಂಪೇಟೆಯ ಚಂದ್ರಾಮಪ್ಪ ಸಾಹುಕಾರರು ಯಾರಿಗೆ ಎಷ್ಟು ತಿನ್ನಿಸುತ್ತಾರೆ ಎಂಬುದು. ನಾನೂ ಅದನ್ನೇ ನಂಬಿದ್ದೆ. ಆದರೆ ಅಳೆದು ನೋಡದೆ ನಂಬಬಾರದೆಂದು ಮಕ್ಕಳಿಗೆ ಪಾಠ ಹೇಳುವವಳು ನಾನು. ಹಾಗಾಗಿ ನಮ್ಮ ಭಾಗದ ಕಿರಿಯ ಎಂಜಿನಿಯರ್ ಮನ್ಸೂರಅಲಿ ಅವರನ್ನು ನೇರವಾಗಿ ಕೇಳಿದೆ. ಕಚೇರಿ ಏನೇನು ಕೊಳ್ಳುತ್ತದೆ, ಯಾವಾಗ, ಯಾರಿಂದ?

ಅವರು ಮುಚ್ಚಿಡಲಿಲ್ಲ. “ಗ್ರೀಸು, ಬಣ್ಣ, ಹಗ್ಗ, ಇವೆಲ್ಲ ಮಾರ್ಚ್‌ದಾಗ ದರ ಕರದು ತಗೋತೀವ್ರಿ ಟೀಚರ್. ಗೋಣಿಚೀಲ ಮಾತ್ರ ಹಂಗಲ್ಲ. ಕೆನಾಲ್ ದಂಡಿ ಒಡದಾಗ ತುರ್ತು ಖರೀದಿ. ಅವತ್ತು ದಂಡಿ ಮ್ಯಾಲ ಯಾರ ಚೀಲ ಇರ್ತಾವ, ಅವರವ. ಯಾದಿ-ಗೀದಿ ಯಾರೂ ನೋಡಂಗಿಲ್ಲ.”

“ಪ್ರತಿ ಸಲ ಚಂದ್ರಾಮಪ್ಪನವರದೇ ಇರ್ತಾವಲ್ರಿ?”

“ಅದ ನನಗೂ ತಿಳೀವಲ್ದು. ಒಡದ ಸುದ್ದಿ ನನಗ ಮುಟ್ಟೂದ್ರಾಗ ಅವರ ಲಾರಿ ದಾರ್ಯಾಗ ಇರ್ತದ.”

ಆ ಯಾದಿಯ ಬೀಗಕ್ಕೆ ಒಂದು ಕೀಲಿ ಇದೆಯೆಂದಾಯಿತು. ಒಡೆಯುವ ದಿನ ನಾವು ಮೊದಲು ದಂಡೆಯ ಮೇಲಿರಬೇಕು. ಆದರೆ ಒಡೆಯುವ ದಿನ ಯಾವುದು?

ಭವನದಲ್ಲಿ ಕೂತು ಹಿಂದಿನ ಒಡೆತಗಳನ್ನೆಲ್ಲ ನೆನಪಿಸಿಕೊಳ್ಳಲು ಹೇಳಿದೆ. ಪ್ರತಿ ಸಲವೂ ಕೂಲಿಗೆ ಮಣ್ಣು ತುಂಬಿದವರು ಇವರೇ.

“ಮಳಿ ಜೋರು ಇದ್ದಾಗ ಒಡದಿರಬೇಕು,” ಅಂದೆ.

“ಮಳಿ ಎಲ್ಲಿಂದ ತಂದಿ ಶೇಖಿ?” ಸಣ್ಣವ್ವ ಅಂದಳು. “ಹೋದ ವರ್ಷ ಒಡದಾಗ ನಾ ಸೆಂಡಿಗಿ ಒಣಾಕ ಹಾಕಿದ್ದೆ. ಸುಡು ಸುಡು ಬಿಸಲು.”

“ನನಗಂತೂ ಅವತ್ತ ಮಳಿ ಬಿತ್ತು,” ಎಂದಳು ಚಾಂದಬೀ. ಯಾದಗಿರಿಗೆ ಹೋಗಿ ಚೀಲ ಆರಿಸಿ ತರುವವಳು ಅವಳು. “ಬಿಸಲಿಗಿ ತಾಳಲಾರದ ಸಾಹುಕಾರ್ನ ಲಾರಿ ನೆರಳಿಗಿ ಕುಂತಿದ್ದೆ. ಚೀಲದ ಮ್ಯಾಲ ಹೊಚ್ಚಿದ ತಾಡಪತ್ರಿ ನೀರು ಟಪ್ ಟಪ್ ಅಂತ ಕುತಿಗ್ಯಾಗ ಬಿತ್ತು. ಆಚಿ ವರ್ಷನೂ ಹಂಗ ಬಿದ್ದಿತ್ತು.”

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಇಲ್ಲಿ ಸುಡು ಬಿಸಿಲು, ರಂಗಂಪೇಟೆಯಿಂದ ಬಂದ ಲಾರಿಯ ಮೇಲೆ ತೊಯ್ದ ತಾಡಪತ್ರಿ, ಅದೂ ಎರಡು ವರ್ಷ.

ನಮ್ಮ ಕಾಲುವೆ ಸುರಪುರ, ರಂಗಂಪೇಟೆಯ ಕಡೆಯಿಂದ ಇಳಿದು ಬರುತ್ತದೆ. ಅಲ್ಲಿ ಮಳೆ ಬಿದ್ದರೆ ಮೇಲಿನ ರೈತರಿಗೆ ಕಾಲುವೆ ನೀರು ಬೇಡವಾಗುತ್ತದೆ. ಹೊಲ ಕೆಸರಾಗದಿರಲೆಂದು ಒಬ್ಬೊಬ್ಬರೂ ತಮ್ಮ ತೂಬು ಮುಚ್ಚುತ್ತಾರೆ. ಅವರು ಬೇಡವೆಂದ ನೀರೆಲ್ಲ ಕೆಳಗೆ ನುಗ್ಗಿ, ಒಣಗಿ ನಿಂತಿದ್ದ ನಮ್ಮೂರ ತಿರುವಿನಲ್ಲಿ ದಂಡೆ ಹಾರುತ್ತದೆ. ಕಚೇರಿಯ ತುರ್ತು ಖರ್ಚು ನಮ್ಮ ಮುಗಿಲಿಗೆ ಸಂಬಂಧಿಸಿದ್ದಲ್ಲ, ರಂಗಂಪೇಟೆಯ ಮುಗಿಲಿಗೆ ಸಂಬಂಧಿಸಿದ್ದು. ಸಾಹುಕಾರರು ಯಾರಿಗೂ ತಿನ್ನಿಸಿರಲಿಲ್ಲ. ಮಳೆ ಅವರ ಅಂಗಡಿಯ ಮುಂದೆ ಬೀಳುತ್ತಿತ್ತು, ಅಷ್ಟೆ.

“ರಂಗಂಪೇಟ್ಯಾಗ ಮಳಿ ಬಿದ್ದದ್ದು ನಮಗ ಹ್ಯಾಂಗ ತಿಳೀಬೇಕು?” ಎಂದಳು ಸಣ್ಣವ್ವ.

“ಸುರಪುರದಿಂದ ಬರೋ ಮೊದಲನೇ ಬಸ್ಸಿನ ಗಾಲಿ ನೋಡ್ಬೇಕು,” ಅಂದೆ. “ಹಸಿ ಎರಿಮಣ್ಣು ಮೆತ್ತಿತ್ತಂದ್ರ ಮಳಿ ಬಿದ್ದದ ಅಂತ.”

ಚಾಂದಬೀ ಆ ಕೆಲಸ ತನಗೆ ಅಂದಳು. ಶ್ರಾವಣದುದ್ದಕ್ಕೂ ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಗಾಲಿ ನೋಡಿದಳು. “ಬೀ, ಬಸ್ ಖರೀದಿ ಮಾಡ್ತೀಯೇನು?” ಎಂದು ಕಂಡಕ್ಟರ್ ಕೇಳಿದನಂತೆ. “ಗಾಲಿ ಒಂದ ಮಾರ್ತಿದ್ರ ಹೇಳು,” ಅಂದಳಂತೆ.

ಅದೂ ಒಂದು ರವಿವಾರ. ಚಾಂದಬೀ ಓಡುತ್ತ ಬಂದು ಅಂಗೈ ಚಾಚಿದಳು. ಅಂಗೈಯಲ್ಲಿ ಹಸಿ ಕಪ್ಪು ಮಣ್ಣಿತ್ತು. ನಮ್ಮಲ್ಲಿ ಮುಗಿಲು ತೊಳೆದಿಟ್ಟಂತಿತ್ತು.

ಸಣ್ಣವ್ವ ಬಂಡಿ ಹೂಡಿಸಿದಳು. ಬಂಡಿಗಳಿಗೆ ಚೀಲ ಹೇರಿ ಹೆಂಗಸರೆಲ್ಲ ತಿರುವಿಗೆ ಹೊರಟೆವು. ಊರ ಬಾಗಿಲ ಅಗಸಿ ಕಟ್ಟೆಯ ಮೇಲಿದ್ದ ಗಂಡಸರಿಗೆ ಹಬ್ಬವಾಯಿತು.

“ತಿಮ್ಮವ್ವ, ಕೊಡಿ ತಗೊಂಡಿ ಇಲ್ಲೋ? ಬಿಸಲ ಮಳಿ ಬರ್ತದ.”

“ನೀ ಅಲ್ಲೇ ಕುಂದ್ರು ಮಾವ. ನೀರು ಬಂದಾಗ ನಿನ್ನನ್ನೂ ಒಂದು ಚೀಲದಾಗ ತುಂಬಿ ಇಡ್ತೀನಿ.”

ದಂಡೆಯ ಪಕ್ಕದ ಗರಸು ಮಣ್ಣು ತುಂಬಿದೆವು. ಹೊತ್ತು ನೆತ್ತಿಗೇರುವುದರೊಳಗೆ ನೀರು ಏರಬೇಕೆಂದು ನಾನು ಲೆಕ್ಕ ಹಾಕಿದ್ದೆ. ಹೊತ್ತು ನೆತ್ತಿಗೇರಿತು, ಇಳಿಯಿತು. ಕಾಲುವೆಯ ತಳದಲ್ಲಿ ನೀರು ಮೊದಲಿನಂತೆಯೇ ತೆವಳುತ್ತಿತ್ತು. ಹೊಲಿದವರು ತಮ್ಮ ಚೀಲ ಮಣ್ಣಾದುದನ್ನು ನೋಡುತ್ತ ಸಲಿಕೆ ಕೆಳಗಿಟ್ಟು ಕೂತರು. ಒಬ್ಬಳು ಮೆಲ್ಲಗೆ, “ಪುಣೆ ಗಾಡಿಗಿ ಯಾವ ವಾರ ಹೋಗೂದು?” ಎಂದಳು. ಸಣ್ಣವ್ವ ಕಾಲುವೆಯತ್ತ ತಿರುಗಿ ನಿಂತಳು. ನನ್ನನ್ನು ನೋಡಲಿಲ್ಲ. ಆ ನೋಡದಿರುವುದೇ ನನಗೆ ಹೆಚ್ಚು ನೋವು ಕೊಟ್ಟಿತು.

ತಪ್ಪು ಎಲ್ಲಿ? ದೂರ ಸರಿಯಿತ್ತು, ಇಳಿಜಾರು ಸರಿಯಿತ್ತು. ನೀರು ಬರಲು ಬೇಕಾದ ವೇಳೆಯೂ ಸರಿಯಿತ್ತು.

“ಸಣ್ಣವ್ವ, ಇವತ್ತ ಮ್ಯಾಲಿನ ಊರಾಗ ಏನರ ಅದ ಏನು?”

“ಸಂತಿ ಅದಲ್ಲ,” ಎಂದಳು, ಇಷ್ಟೂ ಗೊತ್ತಿಲ್ಲವೇ ಎಂಬಂತೆ. ಆಮೇಲೆ ಅವಳೇ ಥಟ್ಟನೆ ನನ್ನತ್ತ ತಿರುಗಿದಳು. “ಸಂತಿಗಿ ಹೋದವ್ರು ಬಂದು, ಉಂಡು, ಹೊಲಕ್ಕ ಹೋಗಿ ತೂಬು ಮುಚ್ಚಬೇಕಲ್ಲೇ ಶೇಖಿ! ನೀ ನೀರಿನ ಲೆಕ್ಕ ಹಾಕೀದಿ, ಮಂದಿ ಲೆಕ್ಕ ಬಿಟ್ಟೀದಿ.”

ಮತ್ತೆ ಸಲಿಕೆಗಳು ಎದ್ದವು.

ಬಿಸಿಲು ಹಳದಿಯಾಗುವ ಹೊತ್ತಿಗೆ ಕಾಲುವೆಯ ಸದ್ದು ಬದಲಾಯಿತು. ಮೊದಲು ಕಸ ಬಂತು, ಒಂದು ಹರಿದ ಚಪ್ಪಲಿ ತಿರುಗುತ್ತ ಬಂತು. ಆಮೇಲೆ ಕೆಂಪು ನೀರು ದಂಡೆಯ ಮೇಲಿನ ಹಳೆಯ ನೀರಿನ ಗೆರೆಗಳನ್ನು ಮುಚ್ಚುತ್ತ ಏರಿತು. ಪ್ರತಿ ವರ್ಷ ಒಡೆಯುವ ತಗ್ಗಿನಲ್ಲಿ ನೀರು ದಂಡೆಯ ಅಂಚಿಗೆ ಬಂದು, ನಮ್ಮ ಚೀಲಗಳನ್ನು ಮುಟ್ಟಿ ನಿಂತಿತು. ಒಂದು ಕಡೆ ಜಿನುಗಿತು. ಅಲ್ಲಿಗೆ ಇನ್ನೊಂದು ಸಾಲು ಬಿತ್ತು. ಕಟ್ಟೆಯ ಮೇಲಿದ್ದ ಗಂಡಸರು ಯಾವಾಗ ಬಂದು ಕೈ ಹಚ್ಚಿದರೋ ಗಮನಿಸಲಿಲ್ಲ. ಕೊಡೆಯ ಮಾತಾಡಿದ ಮಾವ ಎಲ್ಲರಿಗಿಂತ ದೊಡ್ಡ ಚೀಲ ಹೊತ್ತಿದ್ದ. ದಂಡೆ ನಿಂತಿತು.

ನೀರೇರಿದ ಸುದ್ದಿ ಮುಟ್ಟಿ ಮನ್ಸೂರಅಲಿ ಅವರ ಜೀಪು ಬಂತು. ಇಳಿದವರು ಒಡೆದ ಜಾಗ ಹುಡುಕುತ್ತ ಸಾಲಿನುದ್ದಕ್ಕೂ ನಡೆದು ಹೋಗಿ ಹಿಂದಿರುಗಿದರು.

“ಎಲ್ಲಿ ಒಡದದ್ರಿ?”

“ಎಲ್ಲೂ ಇಲ್ರಿ ಸಾಹೇಬ್ರ,” ಎಂದಳು ಸಣ್ಣವ್ವ. “ಚೀಲ ನೋಡ್ರಿ. ದಂಡಿ ಮ್ಯಾಲ ಯಾರವ ಅದಾವ?”

ಅಷ್ಟರಲ್ಲಿ ಲಾರಿಯೂ ಬಂತು. ಚಂದ್ರಾಮಪ್ಪ ಸಾಹುಕಾರರು ಕೆಳಗಿಳಿದು ಹಣೆಯ ವಿಭೂತಿ ಕೆಡದಂತೆ ಬೆವರೊರೆಸಿಕೊಂಡರು.

“ಏನವ್ವ, ಮಳಿ ನನ್ನ ಮನಿ ಮುಂದ ಬಿದ್ದದ. ನಿನಗ ಯಾರು ಹೇಳಿದ್ರು?”

“ನಿಮ್ಮ ತಾಡಪತ್ರಿ ಹೇಳಿತ್ರಿ ಸಾಹುಕಾರ್ರ. ಎರಡು ವರ್ಷದಿಂದ ಹೇಳಾಕತ್ತಿತ್ತು. ನಾವು ಈಗ ಕೇಳಿದ್ವಿ.”

ಸಾಹುಕಾರರು ಲಾರಿಯ ನೆತ್ತಿ ನೋಡಿದರು. “ಮಳಿ ಬಿದ್ದ ಮರುದಿನ ಚೀಲಕ್ಕ ಗಿರಾಕಿ ಬರ್ತದ ಅನ್ನೂದಷ್ಟ ನನಗ ಗೊತ್ತಿತ್ತು. ಯಾಕ ಅಂತ ಎಂದೂ ಕೇಳಿಲ್ಲ ನೋಡು,” ಎಂದು ಜೋರಾಗಿ ನಕ್ಕರು.

ಮನ್ಸೂರಅಲಿ ಜೀಪಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು ಸಂಘದ ಹೆಸರಿನಲ್ಲಿ ಮಾಲು ಮುಟ್ಟಿದೆ ಎಂದು ಬರೆದು ಸಹಿ ಮಾಡಿದರು. ನಾನು ಬಸ್ಸಿನ ಗಾಲಿ, ತೂಬು, ಸಂತೆಯನ್ನೆಲ್ಲ ವಿವರಿಸಿದಾಗ ಅವರ ಪೆನ್ನು ನಿಂತಿತು.

“ಹಂಗಾದ್ರ ಅಲ್ಲಿ ಮಳಿ ಬಿದ್ದ ಕೂಡಲೆ ಮ್ಯಾಲಿನ ಗೇಟು ಇಳಿಸಿದ್ರ ಇಲ್ಲಿ ಒಡಿಯೂದ ಇಲ್ಲ. ಚೀಲದ ಖರ್ಚೂ ಇಲ್ಲ.”

ಹೆಂಗಸರು ಮುಖ ಮುಖ ನೋಡಿಕೊಂಡರು. ಇದು ನನಗೂ ಹೊಳೆದಿರಲಿಲ್ಲ.

“ಇಳಿಸ್ರಿ,” ಎಂದಳು ಸಣ್ಣವ್ವ. “ನಮ್ಮ ಹೊಲ ಉಳೀತಾವ. ಬ್ಯಾಸಗ್ಯಾಗ ನೀವು ಕಾಂಕ್ರೀಟ್ ಹಾಕಿ, ಆರಬಾರದಂತ ಮ್ಯಾಲ ಗೋಣಿತಟ್ಟು ಹೊಚ್ಚಿ ನೀರು ಹೊಡೀತೀರಲ್ಲ, ಆ ತಟ್ಟು ಯಾರ ಹತ್ರ ತಗೋತೀರಿ?”

“ಯಾದ್ಯಾಗ ಇದ್ದವ್ರ ಹತ್ರ.”

“ಈಗ ಯಾದ್ಯಾಗ ಯಾರದಾರ?”

ಮನ್ಸೂರಅಲಿ ಕಾಗದವನ್ನು ಎರಡೂ ಕೈಯಿಂದ ಅವಳಿಗೆ ಕೊಟ್ಟರು. ಅವಳು ಅದನ್ನು ಮಡಚಿ ಎಲೆಯಡಿಕೆಯ ಚೀಲದೊಳಗಿಟ್ಟು ದಾರ ಬಿಗಿದಳು.

ಸಾಹುಕಾರರು ನಮ್ಮನ್ನೆಲ್ಲ ಲಾರಿ ಹತ್ತಿಸಿಕೊಂಡರು. ಅವರ ಮಾರಾಟವಾಗದ ಚೀಲಗಳ ಮೇಲೆ ಕೂತು ಊರಿಗೆ ಹೋದೆವು. ಪುಣೆಯ ಮಾತಾಡಿದವಳು ಎಲ್ಲರಿಗಿಂತ ಮುಂದೆ ನಿಂತು ಹಾಡು ಎತ್ತಿದ್ದಳು. ಚಾಂದಬೀ ಮಾತ್ರ ತಾಡಪತ್ರಿಯ ಅಂಚಿನ ಕೆಳಗೇ ಜಾಗ ಹಿಡಿದಿದ್ದಳು. ಹನಿಗಳು ಕುತ್ತಿಗೆಯ ಮೇಲೆ ಬೀಳುತ್ತಿದ್ದವು.

“ಈಚಿ ಸರಿ, ತೊಯ್ಸಿಕೊಳ್ಳಾಕತ್ತಿ,” ಅಂದೆ.

“ಬೀಳಲಿ ಬಿಡು,” ಎಂದಳು.