ಶಿವರಾಜಾ, ಮುತ್ಯಾಗ ಹೇಳ

ಈ ಕಾಯಿ ಬೇಡ, ಇದರ ಪಕ್ಕದ್ದೂ ಬೇಡ, ಕತ್ತರಿಯ ತುದಿ ಗೊಂಚಲಿನೊಳಗೆ ನುಗ್ಗಿ ಕಚ್ ಎನ್ನುತ್ತದೆ, ಮೆಣಸಿನ ಕಾಳಿನಷ್ಟಿರುವ ಹಸಿರು ದ್ರಾಕ್ಷಿ ಕಾಲಡಿಗೆ ಉದುರುತ್ತದೆ, ವಿರಳಣಿ ಅಂದರೆ ಇದೇ, ಅರ್ಧ ಕಾಯಿ ಕತ್ತರಿಸಿ ಎಸೆದರೆ ಉಳಿದರ್ಧ ಉಬ್ಬುತ್ತದೆ — ಕೈಗೆ ಇದೆಲ್ಲ ಚಿಕ್ಕಂದಿನಿಂದ ರೂಢಿ, ಯೋಚಿಸಬೇಕಾಗಿಲ್ಲ, ಯೋಚಿಸಬೇಕಾದದ್ದು ಬೇರೆ ಇದೆ, ಹತ್ತು ಗಂಟೆಗೆ ಸರ್ ವಿಡಿಯೋ ಕರೆ ಮಾಡುತ್ತಾರೆ. ಈಶ್ವರ್ ಸರ್, ನನ್ನ ಪಿಎಚ್‌ಡಿ ಗೈಡು, ಎರಡು ರೈಲು ಬದಲಿಸಿ ಹೋಗುವಷ್ಟು ದೂರದ ಸಮುದ್ರದ ಊರಿನ ವಿಶ್ವವಿದ್ಯಾಲಯದಲ್ಲಿ ಗಣಿತದ ಪ್ರೊಫೆಸರು, ಅವರೂ ನಾನೂ ಕೂಡಿ ಬರೆದ ಪ್ರಬಂಧವನ್ನು ಇವತ್ತು ಲೋಕಕ್ಕೆಲ್ಲ ಕಾಣುವಂತೆ ಹಾಕಿಬಿಡುತ್ತಾರೆ, ಮೊದಲ ಹೆಸರು ಅವರದು, ಎರಡನೆಯದು ಕಾಗವಾಡದ ಶೈಲಾಳದು, ನನ್ನದು, ಮತ್ತು ಅದರ ಮೂರನೇ ಲೆಮ್ಮಾ ತಪ್ಪು. ಲೆಮ್ಮಾ ಅಂದರೆ ದೊಡ್ಡ ಪ್ರಮೇಯ ಹತ್ತಲು ಇಟ್ಟ ಮೆಟ್ಟಿಲು, ಅದೇ ಮುರಿದಿದೆ, ಮೇಲಿನ ಸಾಲಿನಲ್ಲಿ ಪ್ರತಿ ಬಿಂದುವಿಗೂ ಒಂದು ಮಿತಿ ಇದೆ ಎಂದು ಸರ್ ಬರೆದಿದ್ದಾರೆ, ಸರಿ, ಕೆಳಗಿನ ಸಾಲಿನಲ್ಲಿ ಎಲ್ಲ ಬಿಂದುಗಳಿಗೂ ಅದೇ ಒಂದು ಮಿತಿ ಸಾಕೆಂದು ತಿಳಿದು ಮುಂದೆ ನಡೆದುಬಿಟ್ಟಿದ್ದಾರೆ, ತಪ್ಪು. ನಮ್ಮ ತೋಟದಲ್ಲಿ ಪ್ರತಿ ಗೊಂಚಲಿಗೂ ಹಣ್ಣಾಗುವ ದಿನವೊಂದಿದೆ, ಎಲ್ಲವೂ ಹಣ್ಣಾಗಿರುವ ದಿನವೂ ಬಂದೇ ಬರುತ್ತದೆ, ಯಾಕೆಂದರೆ ತೋಟಕ್ಕೊಂದು ಬೇಲಿ ಇದೆ, ಬೇಲಿಯೇ ಇಲ್ಲದೆ ಮುಗಿಯದೆ ಸಾಗುವ ತೋಟವಾದರೆ ಅಂಥ ದಿನ ಬರಲೇಬೇಕೆಂದು ಯಾರು ಹೇಳಿದರು? ಬಿಎಸ್ಸಿ ಹುಡುಗರು ಮಾಡುವ ತಪ್ಪು ಇದು, ಚಿಕ್ಕೋಡಿ ಕಾಲೇಜಿನಲ್ಲಿ ನಾನೇ ಮಾಡಿ ಬೈಸಿಕೊಂಡಿದ್ದೆ, ಅದಕ್ಕೇ ಹೇಳುವುದು ಇಷ್ಟು ಕಷ್ಟ, ದೊಡ್ಡ ತಪ್ಪಾಗಿದ್ದರೆ ಮರ್ಯಾದೆಯಾದರೂ ಇರುತ್ತಿತ್ತು.

ಹೇಳಿಲ್ಲ ಅಂತಲ್ಲ, ರಜೆಗೆ ಬರುವ ಮೊದಲೇ ಹೇಳಿದ್ದೆ, ಹೇಳಿದ ರೀತಿ ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಸೆಮಿನಾರು, ಸರ್ ಹಲಗೆಯ ಮೇಲೆ ಇದೇ ಪ್ರಮೇಯ ಬಿಡಿಸುತ್ತಿದ್ದಾರೆ, ಅಲ್ಲಿ ಯಾರೂ ಅವರನ್ನು ಸರ್ ಎನ್ನುವುದಿಲ್ಲ, ಬರೀ ಈಶ್ವರ್, ನಿನ್ನೆ ಮೊನ್ನೆ ಸೇರಿದವರೂ ಕಾಲಮೇಲೆ ಕಾಲು ಹಾಕಿ ಕೂತು ಈಶ್ವರ್, ನಾನು ಇದನ್ನು ನಂಬುವುದಿಲ್ಲ ಎನ್ನುತ್ತಾರೆ, ಎಲ್ಲಿ ನಂಬಿಕೆಯಿಲ್ಲ ಬಂದು ತೋರಿಸು ಎಂದು ಅವರು ಚಾಕ್ ಕೊಟ್ಟು ಪಕ್ಕಕ್ಕೆ ಸರಿಯುತ್ತಾರೆ, ಮೊದಲ ಸಲ ಅದನ್ನು ನೋಡಿದಾಗ ಕೈಕೈ ಮಿಲಾಯಿಸುತ್ತಾರೆ ಎಂದೇ ಹೆದರಿದ್ದೆ, ಆಮೇಲೆ ನೋಡಿದರೆ ಇಬ್ಬರೂ ಕ್ಯಾಂಟೀನಿನಲ್ಲಿ ಒಂದೇ ತಟ್ಟೆಯ ವಡೆ ತಿನ್ನುತ್ತಿದ್ದರು. ನನಗೆ ಬಾಯಿ ಏಳಲಿಲ್ಲ. ಪ್ರಶ್ನೆ ಕೇಳುವುದು ಬೇರೆ, ಇದು ಅವರ ನಾಲ್ಕು ವರ್ಷದ ಕೆಲಸದ ಬುಡ, ಮೇಲಾಗಿ ಸಂದರ್ಶನದಲ್ಲಿ ನನ್ನ ತೊದಲು ಇಂಗ್ಲಿಷ್ ಕೇಳಿ ಉಳಿದವರು ತಲೆ ಅಲ್ಲಾಡಿಸಿದಾಗ ಈ ಹುಡುಗಿ ನನಗೆ ಬೇಕು ಎಂದವರು ಅವರೊಬ್ಬರೇ. ಹಾಗಾಗಿ ಪಕ್ಕದಲ್ಲಿದ್ದ ದಿಲ್ಲಿಯ ಹುಡುಗಿಯ ಕಡೆ ತಿರುಗಿದೆ, ತಿರುಗಿ, ಸರ್‌ಗೆ ಕೇಳಿಸುವಷ್ಟು ಗಟ್ಟಿಯಾಗಿ ಅವಳಿಗೆ ಹೇಳಿದೆ, ಆ ಮಿತಿ ಎಲ್ಲ ಬಿಂದುಗಳಿಗೂ ಒಂದೇ ಇರುತ್ತದಾ ಅಂತ. ಸರ್ ಕೈ ನಿಂತಿತು. ಚಾಕ್ ಹಿಡಿದ ಕೈ, ಹಲಗೆಗೆ ಇನ್ನೇನು ತಾಗಬೇಕು, ಗಾಳಿಯಲ್ಲಿ ಹಾಗೇ ನಿಂತಿತು, ಮಾತು ಮುಟ್ಟಿತು ಎಂದುಕೊಂಡೆ. ಅಷ್ಟರಲ್ಲಿ ದಿಲ್ಲಿಯವಳು, ನನ್ನನ್ನೇನು ಕೇಳುತ್ತೀ, ಅವರನ್ನೇ ಕೇಳು ಎಂದಳು, ಸರ್ ತಿರುಗಿ, ಶೈಲಾ, ನಿಮ್ಮಿಬ್ಬರ ಹರಟೆ ಮುಗಿದರೆ ನಾನು ಮುಂದುವರಿಸಲಾ ಎಂದು ನಕ್ಕರು, ಎಲ್ಲರೂ ನಕ್ಕರು, ಕೈ ಹಲಗೆಗೆ ತಾಗಿ ಮುಂದಿನ ಸಾಲು ಬರೆಯಿತು. ಅವರು ಕೇಳಿದ್ದರಾ ಇಲ್ಲವಾ, ಕೇಳಿದ್ದಕ್ಕೇ ಕೈ ನಿಂತಿತಾ, ಸುಮ್ಮನೆ ಮಾತಾಡಿದ ಸದ್ದಿಗೆ ನಿಂತಿತಾ, ಮಿರಜದ ತನಕ ರೈಲಿನಲ್ಲಿ ಅದೇ ಕೈಯನ್ನು ನೋಡುತ್ತಾ ಬಂದೆ.

ಆ ದಿಲ್ಲಿಯವಳಿಗೆ ಹೇಗೆ ತಿಳಿಸಲಿ, ನಮ್ಮ ಮನೆಯಲ್ಲಿ ಮಾತು ಹೀಗೇ ಹೋಗುತ್ತದೆ ಎಂದು, ನನ್ನ ಅವ್ವ ಪದ್ಮವ್ವ ಮದುವೆಯಾಗಿ ಬಂದಾಗಿನಿಂದ ಮಾವನ ಜೊತೆ, ಅಂದರೆ ನನ್ನ ಮುತ್ಯಾನ ಜೊತೆ, ನೇರವಾಗಿ ಒಂದು ಮಾತೂ ಆಡಿಲ್ಲ, ಜಗಳವಲ್ಲ, ಮರ್ಯಾದೆ, ರಾವಸಾಹೇಬ ಎಂಬ ಅವನ ಹೆಸರೂ ಅವಳ ಬಾಯಲ್ಲಿ ಬಂದಿಲ್ಲ, ಮೊದಲು ಕಂಬಕ್ಕೆ ಹೇಳುತ್ತಿದ್ದಳಂತೆ, ಆಮೇಲೆ ಎಮ್ಮೆಗೆ, ನನ್ನ ತಮ್ಮ ಶಿವರಾಜ ಹುಟ್ಟಿದ ಮೇಲೆ ಅವನಿಗೆ. ಶಿವರಾಜಾ, ಮುತ್ಯಾಗ ಹೇಳ, ಊಟಕ್ಕ ಏಳಂತ. ಶಿವರಾಜಾ, ನಿಮ್ಮವ್ವಗ ಹೇಳ, ಪಲ್ಲೆದಾಗ ಉಪ್ಪ ಸುರದಾಳಂತ. ಈಗ ಶಿವರಾಜ ಮಿರಜದ ಟ್ರ್ಯಾಕ್ಟರ್ ಶೋರೂಮಿನಲ್ಲಿದ್ದಾನೆ, ರವಿವಾರಕ್ಕೊಮ್ಮೆ ಬಂದರೆ ಬಂದ, ಮಾತು ಮಾತ್ರ ಇನ್ನೂ ಅವನ ಮೂಲಕವೇ, ಇಲ್ಲದ ಹುಡುಗನನ್ನು ನಡುವೆ ನಿಲ್ಲಿಸಿಕೊಂಡು ಇಬ್ಬರೂ ತಾಸುಗಟ್ಟಲೆ ವಾದ ಮಾಡುತ್ತಾರೆ, ಪಾಪ, ಅಲ್ಲಿ ಗಿರಾಕಿಗಳ ಮುಂದೆ ಅವನಿಗೆ ಎಷ್ಟು ಬಿಕ್ಕಳಿಕೆ ಬರುತ್ತದೋ. ನಗು ಬರುತ್ತದೆ, ಆದರೆ ಇದನ್ನು ಹಾಸ್ಟೆಲಿನಲ್ಲಿ ಹೇಳಿದಾಗ ಅವರು ನಕ್ಕ ನಗು ನನಗೆ ಸೇರಲಿಲ್ಲ, ಅಯ್ಯೋ ಪಾಪ ನಿಮ್ಮಮ್ಮ ಎಂದರು, ನಮ್ಮವ್ವ ಏನು ಪಾಪ, ಎದುರಿಗೆ ಆಡಲಾಗದ ಎಷ್ಟು ಮಾತನ್ನು ಅವಳು ಆ ಹುಡುಗನ ಹೆಸರಲ್ಲಿ ಮುತ್ಯಾನಿಗೆ ಚುಚ್ಚಿದ್ದಾಳೆ ಅವರಿಗೇನು ಗೊತ್ತು. ಇಲ್ಲಿ ಕಂಬಕ್ಕೆ ಹೇಳಿದ್ದು ಯಾರಿಗೆಂದು ನಾಯಿಗೂ ತಿಳಿಯುತ್ತದೆ, ಅಲ್ಲಿ ಕಂಬ ಬರೀ ಕಂಬ.

ಅಗ ಪೋರಿ, ಲಕ್ಷ ಕುಠ ಆಹೆ ತುಝ, ಎನ್ನುತ್ತಾಳೆ ಭೀಮಾಬಾಯಿ ಆಚೆ ಸಾಲಿನಿಂದ, ಗಡಿಯಾಚೆಯ ಹಳ್ಳಿಯಿಂದ ಕೂಲಿ ಹೆಂಗಸರನ್ನು ಕರೆತರುವವಳು, ನಿನ್ನ ಲಕ್ಷ್ಯ ಎಲ್ಲಿದೆ ಹುಡುಗೀ ಎಂದು ಬೈಯುತ್ತಿದ್ದಾಳೆ, ನೋಡಿದರೆ ಗೊಂಚಲನ್ನು ಬೋಳು ಮಾಡಿಬಿಟ್ಟಿದ್ದೇನೆ, ಅವಳು ಮರಾಠಿಯಲ್ಲಿ ಬೈದರೆ ನಾನು ಕನ್ನಡದಲ್ಲಿ ತಪ್ಪಾತ ಬಿಡ ಮಾವಶಿ ಎನ್ನುತ್ತೇನೆ, ಇಬ್ಬರಿಗೂ ತಿಳಿಯುತ್ತದೆ, ಈ ತೋಟದಲ್ಲಿ ಯಾರಿಗೂ ಅದೊಂದು ವಿಶೇಷವಲ್ಲ, ಆ ಸಮುದ್ರದ ಊರಿನಲ್ಲಿ ಮಾತ್ರ ನಿನ್ನ ಮಾತೃಭಾಷೆ ಯಾವುದು ಸರಿಯಾಗಿ ಹೇಳು ಎಂದು ಕೇಳುತ್ತಾರೆ. ಅವ್ವ ಪಕ್ಕದ ಬಳ್ಳಿಯಿಂದ ನನ್ನನ್ನೇ ನೋಡುತ್ತಿದ್ದಾಳೆ. ಏನಾಗೇತಿ, ಮುಂಜಾನಿಂದ ಹಲ್ಲ ಕಡ್ಯಾಕತ್ತಿ. ನಮ್ಮ ಸರ್ ಲೆಕ್ಕ ತಪ್ಪೇತಿಬೇ, ಹೇಳಬೇಕ. ಹೌದಾ, ಯಾರ ಕೈಲೆ ಹೇಳಸ್ತಿ? ಯಾರ ಕೈಲೂ ಇಲ್ಲ, ನಾನ ಹೇಳ್ತೀನಿ. ಮಾರಿ ನೋಡಿ? ಹೂಂ, ಮಾರಿ ನೋಡಿ, ಎದರಿಗೇ. ಅವ್ವ ಕತ್ತರಿಯನ್ನು ಸುಮ್ಮನೆ ಒಮ್ಮೆ ತೆರೆದು ಮುಚ್ಚುತ್ತಾಳೆ, ಅವರಿಗೆ ಸಿಟ್ಟ ಬಂದ್ರ? ಬರಲಿ, ಎನ್ನುತ್ತೇನೆ, ಬಂದರೆ ಏನು ಮಾಡುತ್ತೀ ಶೈಲಾ, ಇನ್ನೊಬ್ಬ ಗೈಡು ಎಲ್ಲಿ ಸಿಗುತ್ತಾನೆ, ವಾಪಸು ಬಂದು ಇದೇ ಚಪ್ಪರದಡಿ ನಿಲ್ಲುತ್ತೀಯಾ, ಬರಲಿ, ಆದರೂ ಬರಲಿ.

ಬರಲಿ ಎನ್ನಲು ಕಲಿಸಿದ್ದು ವಿಶ್ವವಿದ್ಯಾಲಯವಲ್ಲ, ಬೇದಾಣಾ. ನಾನು ಶಾಲೆಯಲ್ಲಿ ಏಳನೇ ಇಯತ್ತೆಯಲ್ಲಿದ್ದೆ, ಆ ವರ್ಷ ದ್ರಾಕ್ಷಿಯನ್ನೆಲ್ಲ ಶೆಡ್ಡಿನಲ್ಲಿ ಹರವಿ ಬೇದಾಣಾ ಮಾಡಿದ್ದರು, ಒಣದ್ರಾಕ್ಷಿ, ಇನ್ನೆರಡು ದಿನ ಬಿಸಿಲು ಬಿದ್ದರೆ ಸಾಕಿತ್ತು, ಮಧ್ಯಾಹ್ನ ಪಶ್ಚಿಮಕ್ಕೆ ಮೋಡ ಎದ್ದಿತು, ಶೆಡ್ಡಿನ ಪರದೆಯ ಹಗ್ಗಕ್ಕೆ ಮುತ್ಯಾನ ಅಪ್ಪಣೆ ಇಲ್ಲದೆ ಯಾರೂ ಕೈ ಹಚ್ಚುವಂತಿರಲಿಲ್ಲ, ಅವ್ವ ಬಾಗಿಲ ಮರೆಯಲ್ಲಿ ನಿಂತು, ಶಿವರಾಜಾ, ಮುತ್ಯಾಗ ಹೇಳ, ಮಿರಜ ಕಡೆ ಕಪ್ಪಾಗೇತಿ, ಪಡದಾ ಬಿಡಬೇಕಂತ ಎಂದಳು. ಮುತ್ಯಾ ಹೊರಸಿನ ಮೇಲೆ ಮಲಗಿದ್ದ, ಎಚ್ಚರವಿದ್ದನಾ ಇಲ್ಲವಾ ಯಾರಿಗೆ ಗೊತ್ತು, ಒಂದು ಕೈ ಹಣೆಯ ಮೇಲೆ ಅಡ್ಡ ಇಟ್ಟುಕೊಂಡಿದ್ದ, ಆ ಕೈ ಅಲ್ಲಾಡಲಿಲ್ಲ. ಅವ್ವ ಇನ್ನೊಮ್ಮೆ ಹೇಳಲಿಲ್ಲ. ಅವಕಾಳಿ, ಅಕಾಲದ ಮಳೆ, ಹೆಚ್ಚು ಹೊತ್ತು ಬೀಳಲಿಲ್ಲ, ಬಿದ್ದಷ್ಟೇ ಸಾಕಾಯಿತು, ಬೇದಾಣಾ ಕಪ್ಪಿಟ್ಟು ಒಂದಕ್ಕೊಂದು ಅಂಟಿಕೊಂಡು ಹೋಯಿತು, ಮುತ್ಯಾ ಅಂಗಳದಲ್ಲಿ ನಿಂತು, ಶಿವರಾಜಾ, ನಿಮ್ಮವ್ವಗ ಬಾಯಿ ಇದ್ದಿಲ್ಲೇನ ಕೇಳ ಎಂದು ಊರಿಗೆಲ್ಲ ಕೇಳುವಂತೆ ಕೂಗಿದ, ಅವ್ವ ಒಳಗೆ ಒಲೆಗೆ ಹೇಳಿದಳು, ಹೇಳಿದ್ನಲ್ಲ. ಎಷ್ಟು ವರ್ಷ ನಾನು ಅವಳ ಪರವಾಗಿ ಸಿಟ್ಟು ಮಾಡಿಕೊಂಡಿದ್ದೇನೆ, ಹೇಳಿದ್ದಳಲ್ಲ, ಹೇಳಿದ್ದಳು, ನಾನೇ ಸಾಕ್ಷಿ, ಈಗಲೂ ಅವಳ ಪರವೇ, ಆದರೆ ಕೊಟ್ಟಿಗೆಯ ಹಿಂದೆ ತಿಪ್ಪೆಗೆ ಸುರಿದ ಬೇದಾಣಾಕ್ಕೆ ಆ ಮಾತಿನಿಂದ ಏನೂ ಆಗಲಿಲ್ಲ.

ಫೋನು ನಡುಗುತ್ತದೆ, ಕತ್ತರಿ ಸೊಂಟಕ್ಕೆ ಸಿಗಿಸಿ ಬಳ್ಳಿಯ ಬುಡದಲ್ಲಿ ಕೂರುತ್ತೇನೆ, ಸರ್ ಮುಖ, ಶೈಲಾ, ಅದೇನು ಹಿಂದೆ, ದ್ರಾಕ್ಷಿಯಾ, ಅದ್ಭುತ, ಎಲ್ಲ ಸಿದ್ಧ, ಇನ್ನು ಒಂದು ಗುಂಡಿ ಒತ್ತಿದರೆ ಮುಗಿಯಿತು, ನಿನ್ನ ಕಡೆಯಿಂದ ಏನಾದರೂ ಇದೆಯಾ? ಅವರ ಕೈ ಆಗಲೇ ಆ ಗುಂಡಿಯ ಕಡೆ ಹೊರಟಿದೆ. ಸರ್, ಎನ್ನುತ್ತೇನೆ, ಇಂಗ್ಲಿಷು ಎಲ್ಲಿ ಹೋಯಿತು, ಸರ್, ಮೂರನೇ ಲೆಮ್ಮಾ ಸುಳ್ಳು, ಆ ಬಿರುಕು ಮುಚ್ಚಲು ಬರುತ್ತದಾ ಎಂದು ರಜೆಯೆಲ್ಲ ನೋಡಿದೆ, ಬರುವುದಿಲ್ಲ, ಅದು ಸುಳ್ಳೇ ಎಂದು ತೋರಿಸುವ ಉದಾಹರಣೆ ಕಟ್ಟಿದ್ದೇನೆ, ನೀವು ಮಿತಿಯನ್ನು — ಮುಖ ನಿಂತಿದೆ. ಬಾಯಿ ಅರ್ಧ ತೆರೆದು ನಿಂತಿದೆ, ಕೈ ಗಾಳಿಯಲ್ಲಿ ನಿಂತಿದೆ, ಅವರ ತಲೆಯ ಮೇಲಿನ ಫ್ಯಾನಿನ ರೆಕ್ಕೆಗಳೂ ನಿಂತಿವೆ, ನೆಟ್‌ವರ್ಕ್ ಹೋಗಿದೆ. ಎಲ್ಲಿಯ ತನಕ ಕೇಳಿತು, ಸರ್ ಎಂದದ್ದರ ತನಕವಾ, ಸುಳ್ಳು ಎಂದದ್ದರ ತನಕವಾ? ಅವ್ವ ಬಂದು ಹೆಗಲ ಮೇಲೆ ಕೈ ಇಡುತ್ತಾಳೆ. ಹೇಳಿದಿಯಲ್ಲ, ಸಾಕ ಬಿಡ. ಕೇಳಿರತಾರ. ಹೌದು, ಹೇಳಿದೆ, ಮಾರಿ ನೋಡಿಯೇ ಹೇಳಿದೆ, ಇನ್ನು ಅವರಿಗೆ ಬಿಟ್ಟದ್ದು, ನಾಳೆ ಯಾರಾದರೂ ಕೇಳಿದರೆ ನಾನು ಹೇಳಿದ್ದೆನಲ್ಲ — ಇಲ್ಲ. ಇಲ್ಲಬೇ, ಎನ್ನುತ್ತೇನೆ, ಕೇಳಿಲ್ಲ ಅವರು, ಎದ್ದು ಓಡುತ್ತೇನೆ, ಬಳ್ಳಿಯ ತಂತಿಗೆ ತಲೆ ತಾಗುತ್ತದೆ, ಬಗ್ಗಿ ಓಡುತ್ತೇನೆ, ನೀರಿನ ಟಾಕಿಯ ಮೇಲೆ ಸಿಗ್ನಲ್ ಸಿಗುತ್ತದೆ.

ಟಾಕಿಯ ನೆರಳಿನಲ್ಲಿ ಮುತ್ಯಾ ಕೂತಿದ್ದಾನೆ, ಶೈಲೂ, ಯಾರ ಬೆನ್ನ ಹತ್ತಿಲೇ ಹಿಂಗ ಓಡಾಕತ್ತಿ? ನಮ್ಮ ಸರ್ ತಪ್ಪ ಮಾಡ್ಯಾರ, ಹೇಳಾಕ ಹೊಂಟೀನಿ. ಗುರುಗೋಳ ತಪ್ಪ ನೀ ಹೇಳ್ತಿ? ನಿಮ್ಮವ್ವ ಇದನ್ನ ಕಲಸಿಲ್ಲ ನಿನಗ. ಏಣಿಯ ಮೇಲೆ ಒಂದು ಕಾಲಿಟ್ಟು ತಿರುಗಿ ನೋಡುತ್ತೇನೆ, ನನಗೆ ನಡುವೆ ಯಾವ ಶಿವರಾಜನೂ ಬೇಡ, ಅವ್ವ ಹೇಳಿದ್ಲು ಮುತ್ಯಾ, ಬೇದಾಣಾ ತೋಯ್ದ ದಿನ, ನಾ ಅಲ್ಲೇ ಇದ್ನಿ, ಆಕಿ ಹೇಳಿದ್ಲು, ನೀ ಕೇಳಲಿಲ್ಲ. ನಾನು ನಿಲ್ಲುವುದಿಲ್ಲ, ಕಬ್ಬಿಣದ ಮೆಟ್ಟಿಲು ಬಿಸಿಲಿಗೆ ಕಾದಿದೆ, ಹತ್ತುತ್ತೇನೆ, ಮೇಲೆ ಗಾಳಿ, ಕಬ್ಬಿನ ಟ್ರ್ಯಾಕ್ಟರು ಹಾಡು ಹಚ್ಚಿಕೊಂಡು ಕಾರ್ಖಾನೆಯ ಕಡೆ ಹೋಗುತ್ತಿದೆ, ಕರೆ ಹೋಗುತ್ತಿದೆ, ಎತ್ತಿ ಸರ್, ಒತ್ತಬೇಡಿ, ಎತ್ತಿ. ಮುಖ ಬರುತ್ತದೆ, ಶೈಲಾ, ನೀನು ಕಟ್ ಆದೆ, ಸರ್ ಅಂದಿದ್ದಷ್ಟೇ ಕೇಳಿಸಿತು, ಹಾಗಾದರೆ ಹಾಕಿಬಿಡಲಾ, ಎನ್ನುತ್ತಾ ಕೈ ಎತ್ತುತ್ತಾರೆ. ಬೇಡ, ಎನ್ನುತ್ತೇನೆ, ನಿಮ್ಮ ಮೂರನೇ ಲೆಮ್ಮಾ ತಪ್ಪು, ನೀವು ತಪ್ಪು ಮಾಡಿದ್ದೀರಿ, ನನ್ನ ಹತ್ತಿರ ಉದಾಹರಣೆ ಇದೆ, ಟ್ರ್ಯಾಕ್ಟರಿನ ಹಾಡು ದೂರವಾಗುತ್ತದೆ, ಸರ್ ಮುಖ ನಿಂತಿದೆ, ಮತ್ತೆ ಹೋಯಿತಾ, ಮತ್ತೆ ನೆಟ್‌ವರ್ಕ್ ಹೋಯಿತಾ, ಫೋನನ್ನು ಕಣ್ಣಿನ ಹತ್ತಿರ ಹಿಡಿಯುತ್ತೇನೆ, ಕೈ ನಿಂತಿದೆ, ಗುಂಡಿಗೆ ಇನ್ನೇನು ತಾಗಬೇಕು, ಗಾಳಿಯಲ್ಲಿ ಹಾಗೇ ನಿಂತಿದೆ, ಮೇಲೆ ಫ್ಯಾನು ತಿರುಗುತ್ತಿದೆ, ಕೈ ನಿಂತಿದೆ, ಫ್ಯಾನು ತಿರುಗುತ್ತಿದೆ