ಗೌರಾಬಾಯಿ ಒತ್ತದ ಚಿತ್ರ

ಮುರ್ತುಜಾ ಹೈದರಾಬಾದಿನ ಗುಜರಿ ಬಜಾರದಿಂದ ಹೊತ್ತು ತಂದ ಹಳೆಯ ಕಂಪ್ಯೂಟರಿನ ಗಾಜಿನ ಡಬ್ಬಿಯನ್ನು ನೋಡಿ ದೌಲತರಾಯನಿಗೆ ಮೊದಲು ಬಂದದ್ದು ಸಿಟ್ಟು. ಆಳಂದದ ಬಸ್ ಸ್ಟ್ಯಾಂಡಿನ ಹಿಂದೆ ಅವನ ಹಿಟ್ಟಿನ ಗಿರಣಿ, ಗಿರಣಿಗೆ ಬೆನ್ನು ಹಚ್ಚಿ ಮನೆ. ಒಳಕೋಣೆಯಲ್ಲಿ ಹೆಂಡತಿ ಗೌರಾಬಾಯಿ ಮಲಗಿದ್ದಳು. ತೊಂಬತ್ತೊಂಬತ್ತರ ಸುಗ್ಗಿಯಲ್ಲಿ ಲಕ್ವಾ ಹೊಡೆದು ಬಲಗೈ ಬಿತ್ತು, ಕೈಯ ಹಿಂದೆಯೇ ಮಾತೂ ಬಿತ್ತು. ಓಣಿಯ ಆ ತುದಿಗೆ ಕೇಳುವಂತೆ ಮಾತಾಡುತ್ತಿದ್ದ ಹೆಂಗಸು ಈಗ ಗಂಟಲಲ್ಲಿ ಒಂದು ಸದ್ದು ಮಾಡುತ್ತಿದ್ದಳು, ಅಷ್ಟೇ. ತಲೆಯಾಡಿಸಿದರೆ ಅದು ಹೂಂ ಎಂದೋ ಊಹೂಂ ಎಂದೋ ಶಿವನೇ ಬಲ್ಲ. ಕುತ್ತಿಗೆಯೂ ಅವಳ ಮಾತು ಕೇಳುತ್ತಿರಲಿಲ್ಲ.

ಅಫಜಲಪುರದಿಂದ ಅವಳ ಅಣ್ಣ ಗುರಣ್ಣ ಬಂದು ನೋಡಿ ಕಣ್ಣೀರು ಹಾಕಿದ್ದ. ಹೋಗುವಾಗ ಹೇಳಿಯೂ ಹೋಗಿದ್ದ: "ಅಕಿಗಿ ತಿಳುವಳಿಕಿ ಹೋಗ್ಯಾದ ಮಾಮಾ. ಗಿರಣಿ ನೋಡ್ತಿಯೋ, ಅಕಿನ್ನ ನೋಡ್ತಿಯೋ? ಸೋಮವಾರ ಜೀಪ್ ತರ್ತೇನಿ, ನಮ್ಮನಿಗಿ ಒಯ್ತೇನಿ."

"ಅಕಿಗಿ ಎಲ್ಲಾ ತಿಳೀತದ ಗುರಣ್ಣ," ಅಂದಿದ್ದ ದೌಲತರಾಯ.

"ತಿಳೀತದಂತ ನೀ ತೋರ್ಸು. ನಾ ಕೈಮುಗದು ಹೊಳ್ಳಿ ಹೋಗ್ತೇನಿ."

ತೋರಿಸುವುದು ಹೇಗೆ? ಗಿರಣಿಯ ಮೋಟಾರಿನಿಂದ ಹಿಡಿದು ಊರ ಟಿ.ವಿ.ಗಳವರೆಗೆ ಎಲ್ಲ ರಿಪೇರಿ ಮಾಡುವ ಮುರ್ತುಜಾನ ಮುಂದೆ ದೌಲತರಾಯ ಗೋಳು ತೋಡಿಕೊಂಡಿದ್ದ. ಅದಕ್ಕೆ ಬಂದ ಉತ್ತರ ಈ ಗೀರುಬಿದ್ದ ಡಬ್ಬಿ.

"ನಾ ಕೇಳಿದ್ದು ಅಕಿ ಮಾತಾಡೂ ದಾರಿ. ನೀ ಗುಜರಿ ತಂದಿ," ಅಂದ ದೌಲತರಾಯ.

"ತಡೀರಿ ಸಾಹುಕಾರ್ರ. ಈ ಗಾಜು ಬಟ್ಟು ಮುಟ್ಟಿದ್ದು ತಿಳ್ಕೋತದ. ಚಿತ್ರ ಮುಟ್ಟಿದ್ರ ಮಾತಾಡೂ ಹಂಗ ಮಾಡ್ತೇನಿ. ಈ ಕಂಪ್ಯೂಟರ್ ನಡಸೂದಕ್ಕ ಲಿನಕ್ಸ್ ಅಂತ ಒಂದ್ ಪ್ರೋಗ್ರಾಮ್ ಬಂದದ, ಪುಕ್ಕಟಿ. ಮಾಡಿದವ್ರು ಒಳಗಿಂದೆಲ್ಲಾ ಬಿಚ್ಚಿ ಇಟ್ಟಾರ. ಯಾರ್ ಬೇಕಾದ್ರೂ ಒಯ್ಯಬಹುದು, ತಿದ್ದಬಹುದು."

"ಯಾರೋ ಮಾಡಿ ಯಾರಿಗೋ ನೀಡೂದು. ದಾಸೋಹ ಅನ್ನು ಹಂಗಾರ," ಅಂದ ದೌಲತರಾಯ. ಅವನ ಸಿಟ್ಟು ಅರ್ಧ ಇಳಿಯಿತು.

ಉಳಿದರ್ಧ ಇಳಿಯಲು ಹೊತ್ತು ಹಿಡಿಯಿತು. ಗಾಜಿನ ಮೇಲೆ ನೀರಿನ ತಂಬಿಗೆಯ ಚಿತ್ರ ಮುಟ್ಟಿದರೆ ಪಕ್ಕದ ಚಹಾದ ಕಪ್ಪಿನ ಚಿತ್ರ ಎಚ್ಚರಾಗುತ್ತಿತ್ತು. ಮುರ್ತುಜಾ ಗಾಜಿನ ಮೂಲೆಮೂಲೆಯಲ್ಲಿ ಬರುವ ಗುರುತುಗಳನ್ನು ಒತ್ತಿ ಸರಿಮಾಡಿದ. ಅವನು ಮುಟ್ಟಿದಾಗ ಸರಿಯಾಗಿತ್ತು, ಗೌರಾಬಾಯಿ ಮುಟ್ಟಿದಾಗ ಮತ್ತೆ ತಪ್ಪಿತು. ಅವನು ನಿಂತು ಮೇಲಿನಿಂದ ನೋಡುವವನು, ಅವಳು ದಿಂಬಿಗೊರಗಿ ಕೆಳಗಿನಿಂದ ನೋಡುವವಳು. ದಪ್ಪ ಗಾಜು ಇಬ್ಬರಿಗೂ ಒಂದೇ ಜಾಗ ತೋರಿಸುವುದಿಲ್ಲ. ಕೊನೆಗೆ ಅವಳ ಎಡಗೈ ಬೆರಳಿನಿಂದಲೇ ಗುರುತುಗಳನ್ನು ಒತ್ತಿಸಿದರು. ಆಮೇಲೆ ಗಾಜು ಅವಳಿಗೆ ಒಗ್ಗಿತು, ಉಳಿದವರಿಗೆಲ್ಲ ಅಡ್ಡಾದಿಡ್ಡಿ. ದೌಲತರಾಯನಿಗೆ ಅದೇ ಬಹಳ ಸೇರಿತು.

ಮಾತು ಯಾರ ದನಿಯಲ್ಲಿ ತುಂಬುವುದು ಎಂಬ ಪ್ರಶ್ನೆ ಬಂತು. ಮುರ್ತುಜಾನ ಹೆಂಡತಿ ಕರೀಮುನ್ನಿಸಾ ತಾನು ಹೇಳುತ್ತೇನೆಂದಳು. ದೌಲತರಾಯ ಒಪ್ಪಲಿಲ್ಲ. ಹೆಂಡತಿಯ ಮಾತನ್ನು ಇನ್ನೊಂದು ಹೆಂಗಸಿನ ಗಂಟಲಲ್ಲಿ ಕೇಳುವ ಮನಸ್ಸು ಅವನಿಗಿರಲಿಲ್ಲ. ತಾನೇ ಕೂತು, ಗಿರಣಿ ನಿಲ್ಲಿಸಿ, "ನೀರು ಬೇಕು", "ಚಹಾ ಬೇಕು", "ಬೆನ್ನು ನೋಯಾಕತ್ತದ" ಎಂದು ಒಂದೊಂದೇ ಹೇಳಿದ. ಹಸಿರು ಚೌಕಕ್ಕೆ "ಹೌದು", ಕೆಂಪಿಗೆ "ಒಲ್ಲೆ". ಕಡೆಗೆ ಅವನದೇ ಒಂದು ಫೋಟೋ ಕೂರಿಸಿ, ಮುಟ್ಟಿದರೆ "ದೌಲತರಾಯ" ಎಂದು ಕೇಳುವಂತೆ ಮಾಡಿದರು. ಹೊರಗೆ ಗಿರಣಿಯ ಸದ್ದಿನಲ್ಲೂ ಕೇಳಲಿ ಎಂದು ಮುರ್ತುಜಾ ಮದುವೆ ಪೆಂಡಾಲಿನ ಸ್ಪೀಕರ್ ಹಚ್ಚಿದ. ಗೌರಾಬಾಯಿ ಚಹಾ ಒತ್ತಿದಾಗ ಬಸ್ ಸ್ಟ್ಯಾಂಡಿನವರೆಗೆ ಸುದ್ದಿ ಹೋಯಿತು.

ಎಲ್ಲ ಒತ್ತುತ್ತಿದ್ದಳು. ಗಂಡನ ಫೋಟೋ ಮಾತ್ರ ಒಲ್ಲಳು. ಮೊದಲ ಸಲ ಅದರ ಮೇಲೆ ಬೆರಳಿಟ್ಟು, ಹೆಸರು ಕೇಳುತ್ತಲೇ ಬೆಂಕಿ ಮುಟ್ಟಿದವಳ ಹಾಗೆ ಕೈ ಹಿಂದೆಳೆದುಕೊಂಡಿದ್ದಳು. ಎಡಗೈಯಿಂದ ಗಂಡನ ಮುಖ ಮುಟ್ಟಲು ಅಂಜುತ್ತಾಳೆ ಎಂದುಕೊಂಡ ದೌಲತರಾಯ. "ಎಡಗೈ ಆದ್ರೇನ, ನಿಂದೇ ಕೈ ಅಲ್ಲೇನ?" ಎಂದು ರಮಿಸಿದ. ಆದರೂ ಒತ್ತಲಿಲ್ಲ. ಆಮೇಲೆ ಅವನಿಗೂ ಅನುಮಾನ ಬಂತು. ಚಹಾ ಗುರುತಿದೆ, ರೊಟ್ಟಿ ಗುರುತಿದೆ, ಕಟ್ಟಿಕೊಂಡ ಗಂಡನ ಗುರುತು ಹೋಗಿದ್ದರೆ?

ಸೋಮವಾರ ಗುರಣ್ಣ ಹೆಂಡತಿ ಅಂಬುಬಾಯಿಯನ್ನು ಕರೆದುಕೊಂಡು ಜೀಪಿನಲ್ಲಿ ಬಂದಿಳಿದ. ಡಬ್ಬಿಯನ್ನು ಸುತ್ತು ಹೊಡೆದು ನೋಡಿದ. ಗೌರಾಬಾಯಿ ನೀರು ಒತ್ತಿದಳು, ನೀರು ಕುಡಿದಳು. ಗುರಣ್ಣನ ಮುಖ ಸ್ವಲ್ಪ ಸಡಿಲಾಯಿತು, ಆದರೆ ಹಟ ಬಿಡುವ ಆಸಾಮಿಯಲ್ಲ.

"ನೀರಡಿಕಿ ದನಕ್ಕೂ ತಿಳೀತದ ಮಾಮಾ. ಗೌರವ್ವಾ, ನಿನ್ನ ಗಂಡ ಯಾರು? ಒತ್ತಿ ತೋರ್ಸವ್ವ."

ಗೌರಾಬಾಯಿ ಫೋಟೋ ನೋಡಿದಳು. ಗಂಡನನ್ನು ನೋಡಿದಳು. ಬೆರಳನ್ನು ಮಡಿಚಿ ಸೆರಗಿನೊಳಗೆ ಮುಚ್ಚಿಕೊಂಡಳು.

"ನೋಡಿದಿ?" ಅಂದ ಗುರಣ್ಣ. ಅವನ ದನಿಯಲ್ಲಿ ಗೆದ್ದ ಸೊಕ್ಕಿರಲಿಲ್ಲ, ಸಂಕಟವಿತ್ತು. "ಗಂಡನ ಗುರ್ತ ಸಿಗವಲ್ದು. ಇನ್ನ ನಾ ಬಿಟ್ಟು ಹೋಗಲೇನ?"

ಅಂಬುಬಾಯಿ ಆಗಲೇ ಗೌರಾಬಾಯಿಯ ಸೀರೆಗಳನ್ನು ಗಂಟು ಕಟ್ಟತೊಡಗಿದ್ದಳು. ದೌಲತರಾಯನಿಗೆ ಹೋಗಲಿ ಎನ್ನಲು ಮನಸ್ಸಿಲ್ಲ, ಬೇಡ ಎನ್ನಲು ಮುಖವಿಲ್ಲ.

"ಇದೇನ್ ದೊಡ್ಡ ಪ್ರಶ್ನೆ ಅಂತೇನಿ?" ಗುರಣ್ಣ ತನ್ನ ಸಂಕಟವನ್ನೆಲ್ಲ ಹೆಂಡತಿಯ ಮೇಲೆ ತಿರುಗಿಸಿದ. "ಸಣ್ಣ ಕೂಸೂ ಹೇಳ್ತದ. ಏ ಅಂಬುಬಾಯಿ, ಹೇಳಬೇ, ನಿನ್ನ ಗಂಡನ ಹೆಸರೇನು?"

ಅಂಬುಬಾಯಿ ನಾಲಿಗೆ ಕಚ್ಚಿಕೊಂಡಳು. ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಗೋಡೆಯ ಕಡೆ ತಿರುಗಿದಳು.

"ಹೇಳಬೇ!"

"ಅಯ್ಯ, ನಿಮಗ ತಲಿ ಕೆಟ್ಟದೇನ್ರಿ? ಅದನ್ನ ನನ್ನ ಬಾಯಿಲೆ ಹ್ಯಾಂಗ ಹೇಳ್ಲಿ? ಗಂಡನ ಆಯುಷ್ಯ ಕಡಿಮಿ ಆಗ್ತದ."

ದೌಲತರಾಯ ಹಣೆಹಣೆ ಬಡಿದುಕೊಂಡು ನಗತೊಡಗಿದ, ನಗುತ್ತಲೇ ಅವನ ಕಣ್ಣು ತುಂಬಿತು. ಲಗ್ನವಾದಾಗಿನಿಂದ ಒಂದು ದಿನವೂ ಅವಳು ಅವನ ಹೆಸರೆತ್ತಿರಲಿಲ್ಲ. ಜನಗಣತಿಯವರು ಬಂದಾಗ ಪಕ್ಕದ ಮನೆಯವರನ್ನು ಕರೆದು ಹೇಳಿಸಿದ್ದಳು. ಮಾತು ಸತ್ತರೂ ಆ ನೇಮ ಸತ್ತಿರಲಿಲ್ಲ. ಈ ಮಳ್ಳ ಗಂಡ ಅವಳ ಬಾಯಿಗೆ ತನ್ನ ಹೆಸರನ್ನೇ ತುರುಕಿದ್ದ.

"ಮುರ್ತುಜಾನ್ನ ಕರೀರಿ," ಅಂದ.

ಮುರ್ತುಜಾ ಬಂದ. "ಎಲ್ಲಾ ಬಿಚ್ಚೇ ಅದಲ್ರಿ ಸಾಹುಕಾರ್ರ, ಚಹಾ ಕುಡಿಯೋದ್ರಾಗ ತಿದ್ದತೇನಿ," ಎಂದು ಕೂತ. ಅವನ ಕೆಲಸ ಸರಳವಾಗಿತ್ತು. ಕಷ್ಟವಾದದ್ದು ದೌಲತರಾಯನದು. ಗೌರಾಬಾಯಿ ತನ್ನನ್ನು ಕರೆಯುತ್ತಿದ್ದ ಮಾತನ್ನು ಅವನು ತನ್ನ ಬಾಯಲ್ಲಿ, ಹೆಂಡತಿಯ ಅಣ್ಣನ ಮುಂದೆ, ಮೈಕು ಹಿಡಿದು ಹೇಳಬೇಕು. ಎಂದೂ ಹೆಂಡತಿಗೆ 'ರಿ' ಹಚ್ಚಿ ಮಾತಾಡದ ಗಂಡಸು ಕೆಮ್ಮಿದ, ಬಾಗಿಲು ನೋಡಿದ, ಕಣ್ಣು ಮುಚ್ಚಿ ಹೇಳಿಬಿಟ್ಟ. ಅಂಬುಬಾಯಿ ಕಟ್ಟಿದ ಗಂಟಿನ ಮೇಲೆಯೇ ಕುಸಿದು ನಕ್ಕಳು.

ಗಾಜನ್ನು ಮತ್ತೆ ಗೌರಾಬಾಯಿಯ ಮುಂದೆ ಸರಿಸಿದರು. ಅವಳು ಅನುಮಾನದಿಂದ ಬೆರಳು ತಂದು ಫೋಟೋದ ತುದಿಗೆ ತಾಗಿಸಿದಳು.

"ಏನ್ರಿ, ಕೇಳಿದ್ರೇನು? ಇಲ್ಲಿ ಬರ್ರಿ," ಎಂದಿತು ಸ್ಪೀಕರ್, ಗಂಡನದೇ ದಪ್ಪ ದನಿಯಲ್ಲಿ.

ಅರ್ಧ ಬಾಯಿಯಲ್ಲೇ ಅವಳು ನಕ್ಕಳು. ಆ ನಗೆ ಕಂಡು ದೌಲತರಾಯನಿಗೆ ಈ ಗಾಜಿನ ಡಬ್ಬಿಗೆ ಅಡ್ಡಬೀಳಬೇಕೆನಿಸಿತು.

ಗುರಣ್ಣ ತಂಗಿಯ ಮಂಚದ ಮೇಲೆ ಕೂತು ಮೆಲ್ಲಗೆ ಕೇಳಿದ: "ನನ್ನದು ತಪ್ಪಾತವ್ವ. ಈಗ ನೀನೇ ಹೇಳು. ನಮ್ಮನಿಗಿ ಬರ್ತಿಯೇನು?"

ಗಾಜಿನ ಮೇಲೆ ಹಸಿರು ಚೌಕವಿತ್ತು, ಕೆಂಪು ಚೌಕವಿತ್ತು. ಗೌರಾಬಾಯಿಯ ಬೆರಳು ಎರಡನ್ನೂ ದಾಟಿ ಫೋಟೋದ ಮೇಲೆ ಹೋಗಿ ಕೂತಿತು.

"ಏನ್ರಿ, ಕೇಳಿದ್ರೇನು? ಇಲ್ಲಿ ಬರ್ರಿ."

ದೌಲತರಾಯ ಮಂಚಕ್ಕೆ ಮೊಣಕಾಲು ತಾಗುವಷ್ಟು ಹತ್ತಿರದಲ್ಲೇ ನಿಂತಿದ್ದ. ಆದರೂ ಕರೆದಿದ್ದಳು.

"ಬಂದೇನಿ," ಅಂದು ಅವಳ ಎಡಗೈ ಹಿಡಿದುಕೊಂಡ.