ಗೋರ್ಮಲ್ ಅತ್ತೆ ತಂದ ಹಕ್ಕಿ

ಟಾರ್ಮಡ್ ಗನ್ ನಾಲ್ಕು ವರ್ಷದ ಮಗುವಾಗಿದ್ದಾಗ ಒಂದೇ ಚಳಿಗಾಲದಲ್ಲಿ ಎಷ್ಟು ಕಡಲಹಕ್ಕಿ ತಿಂದನೆಂದರೆ, ಹಿಮ ಕರಗುವ ಹೊತ್ತಿಗೆ ಅವನ ಬೆನ್ನ ತುಂಬ ಬಿಳಿ ಗರಿಗಳು ಮೂಡಿದ್ದವು. ಭಾನುವಾರ ಕಡ್ಡಿ ಎತ್ತಿ ಅತ್ತ ಇಡುವುದೂ ಪಾಪವೆನ್ನುವ ಊರದು. ಹಾಗಾಗಿ ಅವನ ತಾಯಿ ಪ್ರತಿ ಶನಿವಾರ ಸಂಜೆಯೇ ಅವನನ್ನು ಬೋರಲು ಮಲಗಿಸಿ ಗರಿ ಕೀಳುತ್ತಿದ್ದಳು. ಇಲ್ಲದಿದ್ದರೆ ಚರ್ಚಿನಲ್ಲಿ ಅಂಗಿ ಉಬ್ಬಿಕೊಂಡು ಪಾದ್ರಿಯ ಕಣ್ಣಿಗೆ ಬೀಳುತ್ತಿತ್ತು. ಒಂದು ಶನಿವಾರ ಆಕೆ ಮರೆತಳು. ಸೋಮವಾರ ಬೆಳಿಗ್ಗೆ ಮಗು ಕೊಲ್ಲಿಯ ಮೇಲೆ ಹಾರಿಹೋಗಿ ಆಚೆ ದಡದಲ್ಲಿದ್ದ ಚಿಕ್ಕಪ್ಪನ ಮನೆಯ ಹುಲ್ಲುಮಾಡಿನ ಮೇಲೆ ಇಳಿಯಿತು. ಭಾನುವಾರವೇ ಹಾರಬಹುದಿತ್ತು, ಆದರೆ ಮಗು ದೈವಭಕ್ತ.

ಕೆನಡಾದ ಪೋರ್ಟ್ ಆರ್ಥರಿನ ಗನ್ ಮನೆತನದಲ್ಲಿ ಈ ಕಥೆಯನ್ನು ನಂಬಿದವರು ಯಾರೂ ಇರಲಿಲ್ಲ, ಹೇಳಬೇಡ ಎಂದವರೂ ಇರಲಿಲ್ಲ. ಲೂಯಿಸ್ ದ್ವೀಪದ ತುತ್ತತುದಿಯ ನೆಸ್ ಎಂಬ ಊರಿನಿಂದ ಹಡಗು ಹತ್ತಿ ಬಂದ ಆ ಸಂಸಾರದಲ್ಲಿ ಈಗ ಉಳಿದವನು ಟಾರ್ಮಡ್ ಒಬ್ಬನೇ. ತಂದೆತಾಯಿ ತೀರಿಕೊಂಡಿದ್ದರು. ತಮ್ಮ ಫಿನ್ಲೆ ಹಡಗು ಇಳಿದ ಮೂರು ತಿಂಗಳಿಗೆ ಹುಟ್ಟಿದವನು. ಆ ಮೂರು ತಿಂಗಳ ತಪ್ಪಿಗೆ ಅವನು ಜೀವಮಾನವಿಡೀ ಅಣ್ಣನ ಮುಂದೆ ಬಾಯಿ ಮುಚ್ಚಿಕೊಂಡು ಕೂತಿದ್ದ. ಹಬ್ಬಕ್ಕೆ ಎಲ್ಲರೂ ಸೇರಿದಾಗ ಮೇಜಿನ ಮೇಲ್ತುದಿಯ ಕುರ್ಚಿ ಟಾರ್ಮಡನದು. ಗೋಧಿ ಕಣಜದಲ್ಲಿ ಮೂಟೆಗಳ ದೂಳು ಕುಡಿದು ದುಡಿಯುವ ಮನುಷ್ಯ ಆ ಕುರ್ಚಿಯಲ್ಲಿ ಕೂತೊಡನೆ ದ್ವೀಪದ ದೊರೆಯಾಗುತ್ತಿದ್ದ.

ಹೆಂಡತಿ ಹೆಲ್ಮಿ ಫಿನ್ಲೆಂಡಿನವರ ಮಗಳು. ಅವಳು ಹೊಗೆಯಲ್ಲಿ ಬೇಯಿಸಿದ ಮೀನು ತಂದಿಟ್ಟರೆ ಟಾರ್ಮಡ್ ತಟ್ಟೆಯನ್ನು ದೂರ ಸರಿಸಿ, ಗೂಗಾ ತಿಂದ ನಾಲಿಗೆಗೆ ಇದೆಲ್ಲ ಹುಲ್ಲು ಎನ್ನುತ್ತಿದ್ದ. ಗೂಗಾ ಎಂದರೆ ಗ್ಯಾನೆಟ್ ಎಂಬ ಕಡಲಹಕ್ಕಿಯ ಕೊಬ್ಬಿದ ಮರಿ. ನೆಸ್ಸಿನ ಗಂಡಸರು ಬೇಸಿಗೆಯ ಕೊನೆಗೆ ದೋಣಿಯಲ್ಲಿ ನಡುಗಡಲ ಬಂಡೆಗೆ ಹೋಗಿ, ಅದನ್ನು ಹಿಡಿದು, ಉಪ್ಪು ತುಂಬಿ ತರುತ್ತಾರೆ. ಮದುವೆಯಾಗಿ ಇಪ್ಪತ್ತೈದು ವರ್ಷವಾದರೂ ಅವನು ಮೀನು ಮುಟ್ಟಿದ್ದನ್ನು ಹೆಲ್ಮಿ ನೋಡಿರಲಿಲ್ಲ.

ಅವನಲ್ಲಿ ಇನ್ನೊಂದು ಕಥೆಯಿತ್ತು. ಅದನ್ನು ಅವನು ಉಬ್ಬಿಸದೆ, ದನಿ ತಗ್ಗಿಸಿ ಹೇಳುತ್ತಿದ್ದ. ಹಡಗು ಹೊರಟ ದಿನ ಅಜ್ಜಿ ಬಂದರಿಗೆ ಬಂದಳು, ಅವನ ಹಣೆಗೆ ಮುತ್ತಿಟ್ಟಳು, ಹಡಗು ಕಣ್ಮರೆಯಾಗುವವರೆಗೂ ದಕ್ಕೆಯ ಮೇಲೆ ನಿಂತು ಕೀರ್ತನೆ ಹಾಡಿದಳು. ಆ ಅಜ್ಜಿಯ ಹೆಸರು ಎಫೀ. ಟಾರ್ಮಡ್ ತನ್ನ ಒಬ್ಬಳೇ ಮಗಳಿಗೆ ಅದೇ ಹೆಸರಿಟ್ಟಿದ್ದ. ಮಗಳು ಎಫೀ ಗರಿಯ ಕಥೆಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಮುತ್ತಿನ ಕಥೆ ಬಂದಾಗ ಮಾತ್ರ ಸುಮ್ಮನಾಗುತ್ತಿದ್ದಳು.

"ನಿನ್ನ ಬಾಯಿಂದ ಬರೋದ್ರಲ್ಲಿ ನಾನು ನಂಬೋದು ಅದೊಂದನ್ನೇ ಅಪ್ಪಾ," ಎಂದು ಅವಳೊಮ್ಮೆ ಹೇಳಿದ್ದಳು. ಆ ರಾತ್ರಿ ಟಾರ್ಮಡನಿಗೆ ನಿದ್ದೆ ಬಂದಿರಲಿಲ್ಲ.

ಆ ವರ್ಷ ಅಕ್ಟೋಬರಿನಲ್ಲಿ ಗೋರ್ಮಲ್ ಅತ್ತೆ ಬರುತ್ತೇನೆಂದು ತಿಳಿಸಿದಾಗ ಮನೆಯಲ್ಲಿ ಎಲ್ಲರೂ ಹಿಗ್ಗಿದರು, ಟಾರ್ಮಡನ ಮುಖ ಮಾತ್ರ ಹುಳಿಯಾಯಿತು. ಆಕೆ ತಂದೆಯ ಕೊನೆಯ ತಂಗಿ. ದ್ವೀಪ ಬಿಟ್ಟು ಹೊರಗೆ ಕಾಲಿಟ್ಟವಳಲ್ಲ. ಹಡಗು ಹೊರಟ ಕಾಲಕ್ಕೆ ಅವಳಿಗೆ ಹದಿನಾಲ್ಕು ತುಂಬಿತ್ತು, ಕಣ್ಣು ಚೆನ್ನಾಗಿತ್ತು.

ರೈಲು ಇಳಿದ ಅತ್ತೆಗಿಂತ ಮೊದಲು ಅವಳ ಪೆಟ್ಟಿಗೆಯ ವಾಸನೆ ಇಳಿಯಿತು. ಹಮಾಲಿ ಅದನ್ನು ಕೆಳಗಿಟ್ಟು, ಕೈಯನ್ನು ಮೊದಲು ಪ್ಯಾಂಟಿಗೆ, ಆಮೇಲೆ ಗೋಡೆಗೆ ಒರೆಸಿಕೊಂಡ. ಸುಂಕದ ಅಧಿಕಾರಿ ಮುಚ್ಚಳ ತೆರೆದವನೇ, ಏನಮ್ಮ ಸತ್ತಿದೆ ಇದರಲ್ಲಿ ಎಂದು ಕೇಳಿದ್ದನಂತೆ. ಸತ್ತಮೇಲೇ ಉಪ್ಪು ಹಾಕಿದ್ದು ಎಂದು ಅತ್ತೆ ಉತ್ತರ ಕೊಟ್ಟಿದ್ದಳಂತೆ. ಅವನು ಮುಚ್ಚಳ ಹಾಕಿ, ಮುಂದಿನ ನಾಲ್ಕು ಜನರ ಪೆಟ್ಟಿಗೆಗಳನ್ನೂ ತೆರೆಯದೆ ಬಿಟ್ಟುಬಿಟ್ಟನಂತೆ.

ಅಡುಗೆಮನೆಯಲ್ಲಿ ಗಂಟು ಬಿಚ್ಚಿದರು. ಎಣ್ಣೆ ಕುಡಿದು ಗಾಜಿನಂತಾಗಿದ್ದ ಪತ್ರಿಕೆ, ಅದರೊಳಗೆ ಗೋಣಿ, ಗೋಣಿಯೊಳಗೆ ಹಕ್ಕಿ. ತಲೆಯಿಲ್ಲ, ಕಾಲಿಲ್ಲ, ನಡುವೆ ಸೀಳಿ ಚಪ್ಪಟೆಯಾಗಿ ಹರಡಿದ್ದರು. ಚರ್ಮ ಹಳೇ ಹಲ್ಲಿನ ಹಳದಿ. ಅಂಚುಗಳಲ್ಲಿ ಕೊಬ್ಬು ಮೇಣದಂತೆ ಬೆವರುತ್ತಿತ್ತು, ಕಿತ್ತ ಗರಿಯ ಬುಡಗಳು ಕರಿ ಚುಕ್ಕೆಗಳಾಗಿ ಉಳಿದಿದ್ದವು. ಮೀನೆಣ್ಣೆ, ಒದ್ದೆ ಉಣ್ಣೆ, ಲಾಂದ್ರದ ಬತ್ತಿ, ತಿಂಗಳಿಂದ ಮಲಗಿದ ರೋಗಿಯ ಹಾಸಿಗೆ, ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಹಾಕಿ ಮುಚ್ಚಿಟ್ಟು ಈಗ ತೆರೆದಂತಿತ್ತು. ಹೆಲ್ಮಿ ಕಿಟಕಿ ಪರದೆಗಳನ್ನು ಬಿಚ್ಚಿ ಮಡಚಿ ಕಾರಿನೊಳಗಿಟ್ಟು ಬಂದಳು.

ಅತ್ತೆ ಸೋಡಾಪುಡಿ ಹಾಕಿ ಬಟ್ಟೆ ಉಜ್ಜುವ ಬ್ರಷ್ಷಿನಿಂದ ಹಕ್ಕಿಯನ್ನು ತಿಕ್ಕಿದಳು. ಬೇಯಿಸಿ ನೀರು ಚೆಲ್ಲಿದಳು, ಮತ್ತೆ ಬೇಯಿಸಿದಳು, ಮತ್ತೆ ಚೆಲ್ಲಿದಳು. ತೊಟ್ಟಿಯ ತೂತು ಆ ನೀರನ್ನು ನುಂಗಿ, ಬೇಡವೆಂದು ವಾಪಸ್ಸು ಕಕ್ಕಿತು. ಪಾತ್ರೆಯ ಮೇಲೆ ಬೆರಳ ದಪ್ಪ ಎಣ್ಣೆ ತೇಲಿತು, ಗೋಡೆಯ ಮೇಲೆ ಜಿಡ್ಡು ಇಳಿಯಿತು, ಗಡಿಯಾರದ ಮುಳ್ಳು ಜಾರಿ ಒಂದು ಗಂಟೆ ಮುಂದೆ ಹೋಯಿತು. ಊರ ಮುಂದಿನ ಸರೋವರದ ಹಕ್ಕಿಗಳೆಲ್ಲ ಗಂಟುಮೂಟೆ ಕಟ್ಟಿ ಅಮೆರಿಕದ ದಡಕ್ಕೆ ಹೊರಟುಹೋದವು. ಪಕ್ಕದ ಮನೆಯವರು ಪುರಸಭೆಗೆ ಫೋನ್ ಮಾಡಿದರು. ಬಂದ ಇಬ್ಬರು ಚರಂಡಿಯ ಮುಚ್ಚಳ ಎತ್ತಿ, ಮೂಗು ಒಳಗಿಟ್ಟು, ಇಲ್ಲೇ ಪರವಾಗಿಲ್ಲ ಎಂದು ಅಲ್ಲೇ ನಿಂತು ಸಿಗರೇಟು ಸೇದಿದರು.

ಟಾರ್ಮಡ್ ಹಿತ್ತಲಿನಲ್ಲಿ ಕಾರಣವಿಲ್ಲದೆ ಸೌದೆ ಸೀಳುತ್ತಿದ್ದ. ಬಾಯಲ್ಲಿ ನೀರೂರುತ್ತಿತ್ತು, ಹಸಿವಿನ ನೀರಲ್ಲ. ಮಧ್ಯಾಹ್ನ ಹಲ್ಲುನೋವು ಎಂದ. ಮೆತ್ತಗಿರತ್ತೆ ಎಂದಳು ಅತ್ತೆ. ಡಾಕ್ಟರು ಕೊಬ್ಬು ಬೇಡ ಅಂದಿದ್ದಾರೆ ಎಂದ. ಯಾವ ಡಾಕ್ಟರು ಎಂದು ಹೆಲ್ಮಿ ಕೇಳಿದಳು.

ಸಂಜೆ ಫಿನ್ಲೆ ಹೊಸ ಟೈ ಕಟ್ಟಿಕೊಂಡು ಬಂದ. ಮದುವೆಮನೆಗೆ ಬಂದವನ ಕಳೆ ಅವನ ಮುಖದಲ್ಲಿತ್ತು. ಟಾರ್ಮಡ್ ಮೇಲ್ತುದಿಯ ಕುರ್ಚಿಯಲ್ಲಿ ಕೂತ, ಅತ್ತೆ ಅವನ ಬಲಕ್ಕೆ, ಎಫೀ ಎದುರಿಗೆ. ಬೇಯಿಸಿದ ಆಲೂಗಡ್ಡೆಗಳ ಮಧ್ಯೆ ಹಕ್ಕಿ ಬೆವರುತ್ತ ಮಲಗಿತ್ತು. ಪಕ್ಕದಲ್ಲಿ ಲೋಟಗಳಲ್ಲಿ ಹಾಲು. ಫೋರ್ಕು ಇಡಬೇಡ, ಇದನ್ನು ಕೈಯಲ್ಲೇ ತಿನ್ನೋದು ಎಂದು ಅತ್ತೆ ಹೆಲ್ಮಿಗೆ ಹೇಳಿದಳು.

"ಮೊದಲ ತುಂಡು ನಿಂದೇ ಟಾರ್ಮಡ್," ಎಂದ ಫಿನ್ಲೆ. "ನಮ್ಮಂಥ ಕೆನಡಾದಲ್ಲಿ ಹುಟ್ಟಿದೋರಿಗೆ ಇದರ ರುಚಿ ಎಲ್ಲಿ ಗೊತ್ತಾಗಬೇಕು. ಸ್ವಲ್ಪ ತಿನ್ನಪ್ಪ, ಗರಿ ಬಂದ್ರೆ ನಾನು ಕೀಳ್ತೀನಿ."

ಎಫೀ ನಕ್ಕಳು. ಅತ್ತೆ ಎದೆಯ ಭಾಗದಿಂದ ಒಂದು ತುಂಡು ಹರಿದು, ಚರ್ಮಸಮೇತ ಅವನ ತಟ್ಟೆಗೆ ಹಾಕಿದಳು. ಎಣ್ಣೆ ಅವಳ ಮಣಿಕಟ್ಟಿನವರೆಗೆ ಇಳಿದಿತ್ತು.

ಟಾರ್ಮಡ್ ಮಗಳ ಕಡೆ ನೋಡಿದ. ಇಡೀ ಜೀವನ ಅವನು ಮಾತಿನಲ್ಲೇ ಕಟ್ಟಿದ ದ್ವೀಪವೆಲ್ಲ ಆ ತುಂಡಿನ ಮೇಲೆ ನಿಂತಿತ್ತು. ಉಸಿರು ಬಿಗಿಹಿಡಿದು ಬಾಯಿಗೆ ಹಾಕಿಕೊಂಡ. ಚರ್ಮ ಹಲ್ಲಿಗೆ ರಬ್ಬರಿನಂತೆ ಸಿಕ್ಕಿ, ಒಡೆದು, ಬೆಚ್ಚಗಿನ ಮೀನೆಣ್ಣೆ ನಾಲಿಗೆಯ ಬುಡಕ್ಕೆ ಹರಿಯಿತು. ಅಗಿದ. ಅದು ದೊಡ್ಡದಾಗುತ್ತ ಹೋಯಿತು. ನುಂಗಿದ. ಅದು ಅರ್ಧದವರೆಗೆ ಹೋಗಿ, ನಿಂತು, ಯೋಚನೆ ಮಾಡಿ, ಹಿಂತಿರುಗಿತು.

ಬಲಕ್ಕೆ ತಿರುಗಿದ್ದೇ ತಪ್ಪಾಯಿತು. ಹಕ್ಕಿ, ಹಾಲು, ಬೆಳಗಿನ ಗಂಜಿ, ಎಲ್ಲವೂ ಗೋರ್ಮಲ್ ಅತ್ತೆಯ ಮಡಿಲಿಗೆ ಸುರಿಯಿತು.

ಅತ್ತೆ ಬೆಚ್ಚಲೂ ಇಲ್ಲ, ಏಳಲೂ ಇಲ್ಲ. ಏಪ್ರನ್ನಿನ ನಾಲ್ಕು ಮೂಲೆ ಹಿಡಿದು ಗಂಟು ಮಾಡಿ, ಒದ್ದೆಯಾಗದ ಅಂಚಿನಿಂದ ಅವನ ಗಲ್ಲ ಒರೆಸಿದಳು.

"ನಮ್ಮಮ್ಮನ, ನಿನ್ನ ಅಜ್ಜಿಯ ಮಡಿಲಲ್ಲೂ ಹೀಗೇ ಮಾಡಿದ್ದೆ ಮಗಾ," ಎಂದಳು. "ಹಡಗಿನ ದಿನ. ನಿಂಗೆ ನೆನಪಿರಲಿಕ್ಕಿಲ್ಲ."

"ಯಾವ ದಿನ ಅಂದ್ರಿ ಅತ್ತೆ?" ಎಂದಳು ಎಫೀ. "ಬಂದರಿನಲ್ಲಾ? ಮುತ್ತಜ್ಜಿ ಹಾಡಿದ ದಿನವೇ?"

"ಹಾಡೋದಾ?" ಅತ್ತೆಗೆ ಅರ್ಥವಾಗಲಿಲ್ಲ. "ಅಮ್ಮ ಬಂದರಿಗೆ ಎಲ್ಲಿ ಬಂದ್ಲು? ಮನೆ ಬಾಗಿಲಲ್ಲೇ ಕೂತಿದ್ಲು. ಸೊಂಟ ಬಿದ್ದುಹೋಗಿತ್ತು ಅವಳಿಗೆ."

ಎಫೀ ತಂದೆಯನ್ನು ನೋಡಿದಳು. ಈ ಅವಕಾಶಕ್ಕಾಗಿ ಜೀವಮಾನವಿಡೀ ಕಾದಿದ್ದ ಫಿನ್ಲೆ ಟೈ ಸಡಿಲಿಸಿ ಆಲೂಗಡ್ಡೆ ನೋಡುತ್ತ ಕೂತ. ಟಾರ್ಮಡನಿಗೆ ಹತ್ತು ಸುಳ್ಳು ಹೊಳೆದವು. ಅತ್ತೆಗೆ ವಯಸ್ಸಾಗಿದೆ, ಮರೆವು, ಅದು ಬೇರೆ ದಿನ, ಅದು ಬೇರೆ ಮಗು. ಬಾಯಿ ತೆರೆದ. ಆ ಎಣ್ಣೆಯ ರುಚಿ ಇನ್ನೂ ಅಲ್ಲೇ ಇತ್ತು, ಸುಳ್ಳು ಅದನ್ನು ದಾಟಿ ಬರಲಿಲ್ಲ.

"ನೆನಪಿದೆ ಅತ್ತೆ," ಎಂದ. "ನನಗೆ ಆ ಊರಿಂದ ನೆನಪಿರೋದು ಅದೊಂದೇ. ಬಂಡೆ, ಕೊಲ್ಲಿ, ಚಿಕ್ಕಪ್ಪನ ಮಾಡು, ಎಲ್ಲ ಅಪ್ಪ ಹೇಳಿದ್ದು, ಅವರಿವರು ಹೇಳಿದ್ದು. ಗರಿ ನಾನೇ ಸೇರಿಸಿದ್ದು."

"ಹಾಡು?" ಎಂದಳು ಎಫೀ.

"ಹಾಡಿಲ್ಲ ಮಗಳೇ. ಗೋಣಿ ಏಪ್ರನ್ನು ಇತ್ತು. ಗೂಗಾ ನನ್ನ ಹಲ್ಲಿಗೆ ಗಟ್ಟಿಯಾಗತ್ತೆ ಅಂತ ಅಜ್ಜಿ ತನ್ನ ಬಾಯಲ್ಲಿ ಅಗಿದು, ಮೆತ್ತಗೆ ಮಾಡಿ, ಬೆರಳಲ್ಲಿ ನನ್ನ ಬಾಯಿಗೆ ಇಟ್ಲು. ದಾರಿಗೆ ಶಕ್ತಿ ಬರಲಿ ಅಂತ. ನಾನು ಅವಳ ಮೇಲೆಲ್ಲ ಕಕ್ಕಿದೆ. ಅವಳು ಬೈಲಿಲ್ಲ. ಒರೆಸಿದ್ಲು, ಈಗ ಅತ್ತೆ ಒರೆಸಿದ ಹಾಗೇ."

ಎಫೀಯ ಕೈ ತಾನಾಗಿ ಹಣೆಯವರೆಗೆ ಹೋಗಿ ಅರ್ಧಕ್ಕೆ ನಿಂತಿತು. ಅವಳು ಕೇಳಲಿಲ್ಲ. ಕೇಳಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

"ಮುತ್ತು ಕೊಡೋಕೆ ಬಗ್ಗಿದ್ದು ನಿಜ," ಎಂದ ಟಾರ್ಮಡ್. "ಅವಳ ಬಾಯಿಂದ ಇದೇ ವಾಸನೆ ಬರ್ತಿತ್ತು. ಅಸಹ್ಯ ಆಯ್ತು ನಂಗೆ. ಕೈಲಿ ಅವಳ ಮುಖ ಆಚೆ ತಳ್ಳಿದೆ."